ಕಣ್ಣಿಗೆ ಹಾಕುವ ಮೊದಲ ಹನಿ

ಚಿಕ್ಕಮಗಳೂರಿನಲ್ಲಿ ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಬೆಳೆಗಾರರು, ತೋಟದ ಕೆಲಸಗಾರರು ಮತ್ತು ಮೆಡಿಕಲ್ ಶಾಪಿನವರು ಸೇರಿದ್ದ ಸಭೆಯಲ್ಲಿ ಕಣ್ಣಿನ ವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅರ್ಧ ಉಳಿದ ಕಣ್ಣಿನ ಡ್ರಾಪ್ಸ್ ಬಾಟಲಿ ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿದೆ? ಫ್ರಿಜ್ಜಿನ ಬಾಗಿಲಲ್ಲೋ, ಕನ್ನಡಿ ಪಕ್ಕದ ಗೂಡಿನಲ್ಲೋ, ಜೀಪಿನ ಡ್ಯಾಶ್‌ಬೋರ್ಡಿನಲ್ಲೋ? ಕೈ ಎತ್ತಿ. ಮುಕ್ಕಾಲು ಸಭೆ ಕೈ ಎತ್ತಿದೆ. ಇವತ್ತಿನ ನನ್ನ ಮಾತೆಲ್ಲ ಆ ಬಾಟಲಿಯ ಬಗ್ಗೆಯೇ.

ಒಬ್ಬ ಅಕ್ಕನ ಕತೆ ಹೇಳುತ್ತೇನೆ. ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಕೆಲಸ. ವಯಸ್ಸು ನಲವತ್ತರ ಆಸುಪಾಸು. ಹಣ್ಣು ಕುಯ್ಯುವಾಗ ಬಗ್ಗಿಸಿ ಹಿಡಿದಿದ್ದ ಕೊಂಬೆ ಕೈ ಜಾರಿ ಸಟ್ಟನೆ ಮುಖಕ್ಕೆ ಬಡಿದಿದೆ. ಎಲೆಯ ಅಂಚು ಎಡಗಣ್ಣಿಗೆ ಗೀರಿದೆ. ಕುಯ್ಲಿನ ಕೂಲಿ ಕೆಜಿ ಲೆಕ್ಕದಲ್ಲಿ ಅಲ್ವಾ, ಕೆಲಸ ಬಿಟ್ಟು ಹೋಗುವುದು ಹೇಗೆ? ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಂದ ಬಿಸಿ ಉಸಿರು ಊದಿ, ಕಣ್ಣಿಗೆ ಒತ್ತಿಕೊಂಡು ಮತ್ತೆ ಕುಯ್ಯಲು ನಿಂತಿದ್ದಾರೆ. ರಾತ್ರಿ ಕಣ್ಣು ಚುಚ್ಚತೊಡಗಿದೆ, ನೀರು ಸುರಿದಿದೆ. ಅವರಿರುವುದು ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲು ಮನೆಯಲ್ಲಿ. ಪಕ್ಕದ ಮನೆಯವರ ಹತ್ತಿರ ಒಂದು ಬಾಟಲಿ ಇತ್ತು. ಅವರ ಅತ್ತೆಗೆ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದು. "ನಮ್ಮತ್ತೆಗೆ ಇದ್ರಲ್ಲೇ ವಾಸಿಯಾಯ್ತು, ಹಾಕ್ಕೋ" ಎಂದು ಕೊಟ್ಟರು. ಪ್ರೀತಿಯಿಂದಲೇ ಕೊಟ್ಟಿದ್ದು. ನಮ್ಮ ಕಡೆ ಬಾಟಲಿಗಳು ಹೀಗೇ ಮನೆಯಿಂದ ಮನೆಗೆ ಹೋಗುತ್ತವೆ.

ಬೆಳಿಗ್ಗೆ ಒಂದು ಹನಿ, ರಾತ್ರಿ ಒಂದು ಹನಿ. ಎರಡು ದಿನ ಹಾಯ್ ಅನಿಸಿತಂತೆ. ಕೆಂಪು ಇಳಿಯಿತು, ನೋವೂ ಕಡಿಮೆಯಾಯಿತು. ಯಾಕೆಂದರೆ ಆ ಬಾಟಲಿಯಲ್ಲಿ ಎರಡು ಔಷಧಿ ಇದ್ದವು. ಒಂದು ಆಂಟಿಬಯಾಟಿಕ್, ಇನ್ನೊಂದು ಸ್ಟೀರಾಯ್ಡ್. ಕೆಂಪು ಇಳಿಸುವುದು, ನೋವು ಇಳಿಸುವುದು ಸ್ಟೀರಾಯ್ಡಿನ ಕೆಲಸ. ಒಳಗೆ ರೋಗಾಣು ಬೆಳೆಯುತ್ತಲೇ ಇರುತ್ತದೆ. ಹೊಗೆ ನಿಂತಿತು, ಬೆಂಕಿ ಆರಲಿಲ್ಲ. ಆರನೆಯ ದಿನ ಕಣ್ಣು ಮಂಜಾಗಿ, ಕಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡಾಗ ಮಗ ಬೈಕಿನಲ್ಲಿ ಕೂರಿಸಿಕೊಂಡು ಬಂದ.

ಸ್ಲಿಟ್ ಲ್ಯಾಂಪಿನಲ್ಲಿ ನೋಡಿದೆ. ಅದು ಗಲ್ಲ ಇಟ್ಟು ಕೂರಿಸುತ್ತೇವಲ್ಲ, ಆ ಮಿಷನ್. ಕಣ್ಣಿನ ಕಪ್ಪಿನ ಮೇಲೆ ಮೆಣಸಿನ ಕಾಳಿನಷ್ಟು ಅಗಲದ ಹುಣ್ಣು. ಅಂಚು ಮೊಸರು ಚೆಲ್ಲಿದ ಹಾಗೆ ಹರಡಿತ್ತು. ಕೆಳಗಡೆ, ಗಾಜಿನ ಹಿಂದೆ, ಕೀವು ಇಳಿದು ಕೂತಿತ್ತು. ನಮ್ಮ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಬಿಳಿ ಅರ್ಧಚಂದ್ರ ಇರುತ್ತದಲ್ಲ, ಸರಿಯಾಗಿ ಹಾಗೆ.

ಈಗ ಆ ಗಾಜಿನ ವಿಷಯ. ಕಣ್ಣಿನ ಕಪ್ಪು ಅಂತ ನಾವು ಹೇಳುವುದರ ಮೇಲೆ, ವಾಚಿನ ಗಾಜು ಕೂತ ಹಾಗೆ, ಒಂದು ಪಾರದರ್ಶಕ ಪದರ ಇದೆ. ಅದೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಐದಾರು ಹಾಳೆ ಕಾಗದ ಸೇರಿಸಿದಷ್ಟು. ಅದರಲ್ಲಿ ರಕ್ತನಾಳ ಇಲ್ಲ. ಇದ್ದಿದ್ದರೆ ಬೆಳಕು ಒಳಗೆ ಹೋಗುತ್ತಿರಲಿಲ್ಲ, ನಮಗೆ ಕಾಣುತ್ತಿರಲಿಲ್ಲ. ಆದರೆ ರಕ್ತನಾಳ ಇಲ್ಲದ ಕಡೆ ರೋಗಾಣು ಹೊಕ್ಕರೆ, ಎದುರಿಸುವ ಬಿಳಿ ರಕ್ತಕಣಗಳು ಅಂಚಿನಿಂದ, ಕಣ್ಣೀರಿನಿಂದ ನಡೆದು ಬರಬೇಕು. ತಡವಾಗುತ್ತದೆ. ಬಂದ ಮೇಲೂ ಆ ಜಗಳದಲ್ಲಿ ಗಾಜೇ ಕರಗುತ್ತದೆ. ಕೈಗೆ ಗಾಯವಾಗಿ ಕಲೆ ಉಳಿದರೆ ಏನೂ ಇಲ್ಲ, ಕೈ ಕೆಲಸ ಮಾಡುತ್ತದೆ. ಕಣ್ಣಿನ ಗಾಜಿನ ನಡುವೆ ಕಲೆ ಉಳಿದರೆ ಅದೇ ಕುರುಡು. ಹಳ್ಳಿಯಲ್ಲಿ "ಕಣ್ಣಿಗೆ ಹೂವು ಬಿದ್ದಿದೆ" ಅನ್ನುತ್ತಾರಲ್ಲ, ಅದು ಈ ಕಲೆಯೇ.

ದೇವರು ಈ ಗಾಜಿಗೆ ಕಾವಲು ಇಡದೆ ಬಿಟ್ಟಿಲ್ಲ. ಮೇಲ್ಪದರ ಗಟ್ಟಿಯಾಗಿದ್ದರೆ ಬಹುತೇಕ ಬ್ಯಾಕ್ಟೀರಿಯಾಗಳಿಗೆ ಒಳಗೆ ಹೋಗಲು ದಾರಿಯೇ ಇಲ್ಲ. ರೆಪ್ಪೆ ಬಡಿದಾಗಲೆಲ್ಲ ಕಣ್ಣೀರು ತೊಳೆಯುತ್ತದೆ. ಆ ಕಣ್ಣೀರಿನಲ್ಲೇ ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್ ಎಂಬ ವಸ್ತು ಇದೆ. ಅದನ್ನು ಕಂಡುಹಿಡಿದವರು ಯಾರು ಗೊತ್ತಾ? ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ. ಪೆನಿಸಿಲಿನ್ 1928ರದ್ದು. ಲೈಸೋಜೈಮ್ ಬಗ್ಗೆ ಅವರು ಬರೆದದ್ದು ಅದಕ್ಕೂ ಮೊದಲು, 1922ರಲ್ಲಿ. ಪ್ರಯೋಗಕ್ಕೆ ಕಣ್ಣೀರು ಬೇಕಿತ್ತು. ಲ್ಯಾಬಿನವರ ಕಣ್ಣಿಗೆ ನಿಂಬೆ ಸಿಪ್ಪೆ ಹಿಂಡಿ ಕಣ್ಣೀರು ಬರಿಸಿ ಕೂಡಿಸುತ್ತಿದ್ದರು. ಫ್ಲೆಮಿಂಗ್ ವಿಷಯಕ್ಕೆ ಮತ್ತೆ ಬರುತ್ತೇನೆ. ಅವರು ಹೇಳಿದ ಒಂದು ಮಾತು ನಮ್ಮ ಲೈನ್ ಮನೆಯ ಕತೆಯನ್ನೇ ಹೇಳಿದ ಹಾಗಿದೆ.

ಆ ಅಕ್ಕನ ಕಣ್ಣಿಗೆ ಏನು ಮಾಡಿದೆವು? ಮೊದಲು ಮರಗಟ್ಟಿಸುವ ಹನಿ ಹಾಕಿ, ಸಣ್ಣ ಬ್ಲೇಡಿನಿಂದ ಹುಣ್ಣಿನ ಅಂಚನ್ನು ಮೆಲ್ಲಗೆ ಕೆರೆದೆವು. ಕೆರೆಯುವುದು ಎಂದ ಕೂಡಲೇ ಎಲ್ಲರೂ ಹೆದರುತ್ತಾರೆ. ನೋವಾಗುವುದಿಲ್ಲ, ಒಂದು ನಿಮಿಷದ ಕೆಲಸ. ಬ್ಲೇಡಿನ ತುದಿಗೆ ಬರುವುದು ಕಣ್ಣಿಗೆ ಕಂಡೂ ಕಾಣದಷ್ಟು. ಅದರಲ್ಲಿ ಸ್ವಲ್ಪ ಗಾಜಿನ ಸ್ಲೈಡಿನ ಮೇಲೆ ಸವರುತ್ತೇವೆ. ಉಳಿದದ್ದನ್ನು, ರೋಗಾಣು ಬೆಳೆಯಲೆಂದು ಅದಕ್ಕೆ ಬೇಕಾದ ಆಹಾರ ತುಂಬಿದ ಲ್ಯಾಬಿನ ತಟ್ಟೆಯ ಮೇಲೆ ಗೀರುತ್ತೇವೆ. ಸ್ಲೈಡಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದು ಗಂಟೆಯೊಳಗೆ ಅರ್ಧ ಉತ್ತರ ಸಿಗುತ್ತದೆ. ನೇರಳೆ ಬಣ್ಣದ ಗುಂಡುಗಳು ಗೊಂಚಲು ಗೊಂಚಲಾಗಿ ಕೂತಿದ್ದವು, ಕಾಫಿ ಹಣ್ಣು ಗಿಣ್ಣಿನಲ್ಲಿ ಕೂತ ಹಾಗೆ. ಅದು ಸ್ಟಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ. ನಮ್ಮ ಚರ್ಮದ ಮೇಲೆ, ಮೂಗಿನಲ್ಲಿ, ರೆಪ್ಪೆಯ ಅಂಚಿನಲ್ಲಿ ಯಾವಾಗಲೂ ಇರುವಂಥದ್ದು. ಅದೇ ಜಾಗದಲ್ಲಿ ದಾರದ ಹಾಗೆ ಕವಲೊಡೆದ ಎಳೆಗಳು ಕಂಡಿದ್ದರೆ ಅದು ಬೂಷ್ಟು, ಶಿಲೀಂಧ್ರ. ಅದಕ್ಕೆ ಬ್ಯಾಕ್ಟೀರಿಯಾದ ಔಷಧಿಗಳು ಯಾವುವೂ ಕೆಲಸ ಮಾಡುವುದಿಲ್ಲ. ನಟಾಮೈಸಿನ್‌ನಂಥ ಬೇರೆಯೇ ಹನಿ ಬೇಕು. ದಕ್ಷಿಣ ಭಾರತದಲ್ಲಿ ಎಲೆ, ಕಡ್ಡಿ, ಭತ್ತದ ಸುಂಕು ತಾಗಿ ಆಗುವ ಹುಣ್ಣುಗಳಲ್ಲಿ ಶಿಲೀಂಧ್ರದ್ದು ತುಂಬಾ ಜಾಸ್ತಿ. ಹೊರಗಿನಿಂದ ನೋಡಿ ಇದು ಅದೇ ಎಂದು ಹೇಳುವುದು ಇಪ್ಪತ್ತು ವರ್ಷ ಅನುಭವ ಇದ್ದವರಿಗೂ ಕಷ್ಟ. ಅದಕ್ಕೇ ಕೆರೆದು ನೋಡುವುದು.

ಎರಡು ದಿನ ಬಿಟ್ಟು ತಟ್ಟೆಯ ವರದಿ ಬಂತು. ಆ ತಟ್ಟೆಯನ್ನು ನೀವೆಲ್ಲ ಒಮ್ಮೆ ನೋಡಬೇಕು. ಬ್ಯಾಕ್ಟೀರಿಯಾ ಬೆಳೆದು ತಟ್ಟೆಯ ತುಂಬ ತೆಳ್ಳಗೆ ಹಾಲಿನ ಕೆನೆ ಕಟ್ಟಿದ ಹಾಗೆ ಇರುತ್ತದೆ. ಅದರ ಮೇಲೆ ಶರ್ಟಿನ ಗುಂಡಿಗಿಂತ ಚಿಕ್ಕ ಕಾಗದದ ಬಿಲ್ಲೆಗಳನ್ನು ಇಟ್ಟಿರುತ್ತಾರೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಆಂಟಿಬಯಾಟಿಕ್. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಕೆನೆ ಇಲ್ಲದ ಖಾಲಿ ವೃತ್ತ ಕಾಣುತ್ತದೆ, ಬಾವಿಕಟ್ಟೆ ಹಾಗೆ. ಈ ತಟ್ಟೆಯಲ್ಲಿ ಕ್ಲೋರಾಂಫೆನಿಕಾಲ್ ಎಂಬ ಹಳೇ ಕಾಲದ ಅಗ್ಗದ ಔಷಧಿಯ ಸುತ್ತ ಅಗಲವಾದ ವೃತ್ತ ಇತ್ತು. ಸಿಪ್ರೋಫ್ಲಾಕ್ಸಾಸಿನ್ ಬಿಲ್ಲೆಗೆ ಕೆನೆ ಹೋಗಿ ತಾಗಿಕೊಂಡಿತ್ತು. ಮಾಕ್ಸಿಫ್ಲಾಕ್ಸಾಸಿನ್ ಬಿಲ್ಲೆಗೂ ಹಾಗೇ. ಪಕ್ಕದ ಮನೆಯ ಬಾಟಲಿಯಲ್ಲಿ ಇದ್ದದ್ದು ಆ ಜಾತಿಯದೇ ಔಷಧಿ. ಅಂದರೆ ಆ ಅಕ್ಕ ಐದು ದಿನ ಹಾಕಿಕೊಂಡದ್ದು, ಅವರ ಕಣ್ಣಿನಲ್ಲಿದ್ದ ರೋಗಾಣು ಲೆಕ್ಕಕ್ಕೇ ಇಡದ ಔಷಧಿ.

ನಾವು ಸ್ಲೈಡ್ ನೋಡಿದ ದಿನವೇ ಬೇರೆ ಹನಿ ಶುರು ಮಾಡಿದ್ದೆವು. ಅಂಗಡಿಯಲ್ಲಿ ಸಿಗುವ ಬಾಟಲಿ ಅಲ್ಲ. ವ್ಯಾಂಕೋಮೈಸಿನ್ ಇಂಜೆಕ್ಷನ್ ಪುಡಿಯನ್ನು ಆಸ್ಪತ್ರೆಯಲ್ಲೇ ಕಲಸಿ ಮಾಡಿದ ಹನಿ. ಹಾಕಿದರೆ ಉರಿಯುತ್ತದೆ. ತಣ್ಣಗೆ ಇಡಬೇಕು. ಮನೆಗೆ ಹೋದ ಮೇಲೆ ಎಲ್ಲಿ ಇಡುತ್ತೀರಿ ಎಂದು ಕೇಳಿದೆ, ಲೈನ್ ಮನೆಯಲ್ಲಿ ಫ್ರಿಜ್ ಇಲ್ಲ. ಮಣ್ಣಿನ ಮಡಕೆಯಲ್ಲಿ ನೀರು ಹಾಕಿ, ಬಾಟಲಿಯನ್ನು ಕವರಿನಲ್ಲಿ ಸುತ್ತಿ ಅದರೊಳಗೆ ಇಟ್ಟರು. ಅದಕ್ಕೂ ಮೊದಲು ಎರಡು ಹಗಲು ಎರಡು ರಾತ್ರಿ ಆಸ್ಪತ್ರೆಯಲ್ಲೇ ಗಂಟೆಗೊಂದು ಹನಿ. ಮಗ ಫೋನಿನಲ್ಲಿ ಅಲಾರಂ ಇಟ್ಟುಕೊಂಡು ರಾತ್ರಿಯಿಡೀ ಕೂತಿದ್ದ. ಹುಣ್ಣು ಒಣಗಲು ತಿಂಗಳು ಹಿಡಿಯಿತು. ಕಣ್ಣು ಉಳಿಯಿತು. ಹೂವೂ ಉಳಿಯಿತು. ಆ ಕಣ್ಣಿನಲ್ಲಿ ಈಗ ಅವರಿಗೆ ಬೆರಳು ಎಣಿಸುವಷ್ಟು ಮಾತ್ರ ಕಾಣುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ನನ್ನ ಓಪಿಡಿಯಲ್ಲಿ ದಿನಾ ಎರಡು ಥರದ ಕೆಂಗಣ್ಣು ನೋಡುತ್ತೇನೆ. ಆಂಟಿಬಯಾಟಿಕ್ ಬೇಡವೇ ಬೇಡದ ಕಣ್ಣಿಗೆ ಮೊದಲ ದಿನವೇ ಅದನ್ನು ಸುರಿದುಕೊಂಡು ಬಂದಿರುತ್ತಾರೆ. ಗಂಟೆಗಳ ಲೆಕ್ಕದಲ್ಲಿ ಬೇಕಾಗಿದ್ದ ಕಣ್ಣಿಗೆ ವಾರ ಕಳೆದು, ತಪ್ಪು ಹನಿ ಹಾಕಿಕೊಂಡು ಬಂದಿರುತ್ತಾರೆ. ಇವೆರಡೂ ಬೇರೆ ಬೇರೆ ತಪ್ಪು ಅನಿಸುತ್ತದೆ. ಅಲ್ಲ. ಮೊದಲನೆಯದು ಮಾಡಿ ಮಾಡಿಯೇ ಎರಡನೆಯ ಕಣ್ಣಿಗೆ ಔಷಧಿ ಇಲ್ಲದ ಹಾಗೆ ಆಗುತ್ತಿದೆ.

2023ರ ಮಳೆಗಾಲ ನೆನಪಿದೆಯಾ? ಜುಲೈ, ಆಗಸ್ಟಿನಲ್ಲಿ ರಾಜ್ಯದ ತುಂಬ ಮದ್ರಾಸ್ ಐ. ಶಾಲೆಯಲ್ಲಿ ಒಂದು ಮಗುವಿಗೆ ಬಂದರೆ ಮರುದಿನ ಅರ್ಧ ಕ್ಲಾಸಿಗೆ. ಅದು ಬಹುಪಾಲು ವೈರಸ್ಸಿನಿಂದ ಬರುವಂಥದ್ದು. ವೈರಸ್ಸಿಗೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ತಣ್ಣೀರು ಪಟ್ಟಿ, ಬೇರೆ ಟವೆಲ್, ಕೈ ತೊಳೆಯುವುದು, ಒಂದೆರಡು ವಾರದ ತಾಳ್ಮೆ, ಇಷ್ಟರಲ್ಲೇ ಅದು ಹೋಗುತ್ತದೆ. ನೋಡಿದರೆ ಅಂಟುತ್ತದೆ ಅನ್ನುವುದು ಸುಳ್ಳು. ಕೈಯಿಂದ, ಬಟ್ಟೆಯಿಂದ, ದಿಂಬಿನಿಂದ ಅಂಟುತ್ತದೆ. ಆ ಎರಡು ತಿಂಗಳು ಮೆಡಿಕಲ್ ಶಾಪುಗಳಲ್ಲಿ ಎಷ್ಟು ಆಂಟಿಬಯಾಟಿಕ್ ಹನಿ ಖರ್ಚಾಯಿತು ಎಂದು ಇಲ್ಲಿ ಕೂತಿರುವ ಅಂಗಡಿಯವರಿಗೆ ಗೊತ್ತು. ಬಾಟಲಿ ಹಾಕಿದ ಮೇಲೆ ವಾಸಿಯಾಯಿತು, ಆದ್ದರಿಂದ ಬಾಟಲಿಯಿಂದಲೇ ವಾಸಿಯಾಯಿತು ಎಂದು ಜನ ನಂಬಿದರು. ಉಳಿದ ಅರ್ಧ ಬಾಟಲಿ ಎತ್ತಿಟ್ಟರು. ನೀವು ಆಗಲೇ ಕೈ ಎತ್ತಿದಿರಲ್ಲ, ಆ ಬಾಟಲಿಗಳಲ್ಲಿ ಎಷ್ಟೋ ಆ ಮಳೆಗಾಲದವೇ ಇರಬಹುದು.

ಬ್ಯಾಕ್ಟೀರಿಯಾದಿಂದ ಬರುವ ಮಾಮೂಲಿ ಕಣ್ಣು ಬೇನೆಯೂ ಇದೆ. ಬೆಳಿಗ್ಗೆ ಎದ್ದಾಗ ಹಳದಿ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತದೆ. ಅದರಲ್ಲೂ ಸಣ್ಣ ಪುಟ್ಟದ್ದು ಬಹುಪಾಲು ಒಂದು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಹನಿ ಹಾಕಿದರೆ ಒಂದೆರಡು ದಿನ ಬೇಗ ಇಳಿಯಬಹುದು. ಇದರಲ್ಲಿ ನೋವು ಅಷ್ಟಾಗಿ ಇರುವುದಿಲ್ಲ, ಗೀಜು ಒರೆಸಿದರೆ ಕಣ್ಣು ಚೆನ್ನಾಗಿ ಕಾಣುತ್ತದೆ. ನೀವು ಹೆದರಬೇಕಾದ ಕಣ್ಣು ಬೇರೆ. ನೋವು ಇದ್ದರೆ, ಬೆಳಕು ನೋಡಲು ಆಗದಿದ್ದರೆ, ಮಂಜಾದರೆ, ಕಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡರೆ, ಪೆಟ್ಟು ಬಿದ್ದಿದ್ದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾಗಿದ್ದರೆ, ಹುಟ್ಟಿ ತಿಂಗಳೊಳಗಿನ ಮಗುವಾಗಿದ್ದರೆ ಅವತ್ತೇ ಬನ್ನಿ. ಲೆನ್ಸ್ ಹಾಕುವ ಕಾಲೇಜು ಮಕ್ಕಳಿಗೆ ಒಂದು ಮಾತು. ನಲ್ಲಿ ನೀರಿನಲ್ಲಿ ಲೆನ್ಸ್ ತೊಳೆಯಬೇಡಿ, ಹಾಕಿಕೊಂಡು ಮಲಗಬೇಡಿ. ಲೆನ್ಸಿನ ಜೊತೆ ಬರುವ ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇಡೀ ಕಾರ್ನಿಯಾವನ್ನು ಒಂದೆರಡು ದಿನದಲ್ಲಿ ಕರಗಿಸಬಲ್ಲದು.

ಈಗ ಔಷಧಿ ಹಿಡಿಯದಿರುವುದು ಹೇಗೆ ಎಂದು ನೋಡೋಣ. "ಡಾಕ್ಟ್ರೇ, ನನ್ ಮೈಗೆ ಈ ಔಷಧಿ ಹಿಡಿಯಲ್ಲ" ಎಂದು ಬಹಳ ಜನ ಹೇಳುತ್ತಾರೆ. ಮೈ ಒಗ್ಗಿಕೊಳ್ಳುವುದಲ್ಲ. ಒಗ್ಗಿಕೊಳ್ಳುವುದು ರೋಗಾಣು. ವ್ಯತ್ಯಾಸ ದೊಡ್ಡದು. ಮೈ ಒಗ್ಗಿದ್ದರೆ ಅದು ನಿಮ್ಮೊಬ್ಬರ ಕಷ್ಟ. ರೋಗಾಣು ಒಗ್ಗಿದರೆ ಅದು ಟವೆಲ್ಲಿನ ಜೊತೆ ಮಗಳಿಗೆ ಹೋಗುತ್ತದೆ, ಮೊಮ್ಮಗುವಿಗೆ ಹೋಗುತ್ತದೆ.

ಲೆಕ್ಕ ಹಾಕಿ. ಅನುಕೂಲ ಸಿಕ್ಕರೆ ಒಂದು ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೆ ಎರಡಾಗುತ್ತದೆ. ಗಂಟೆಗೆ ಎಂಟು. ಅದೇ ವೇಗದಲ್ಲಿ ಹೋದರೆ ಹತ್ತು ಗಂಟೆಗೆ ನೂರು ಕೋಟಿ ದಾಟುತ್ತದೆ. ಇಷ್ಟು ಸಲ ನಕಲು ತೆಗೆಯುವಾಗ ಅಲ್ಲೊಂದು ಇಲ್ಲೊಂದು ತಪ್ಪು ನಕಲು ಆಗುತ್ತದೆ. ಆ ತಪ್ಪುಗಳಲ್ಲಿ ಕೆಲವು ಔಷಧಿಯಿಂದ ಬಚಾವಾಗುವ ದಾರಿಯಾಗಿಬಿಡುತ್ತವೆ. ಒಂದು ಬ್ಯಾಕ್ಟೀರಿಯಾ ಔಷಧಿಯನ್ನು ಒಳಗೆ ಬಂದ ಹಾಗೇ ಪಂಪ್ ಮಾಡಿ ಹೊರಗೆ ಹಾಕುತ್ತದೆ. ಇನ್ನೊಂದು ಔಷಧಿ ಹಿಡಿಯುವ ಜಾಗದ ಆಕಾರವನ್ನೇ ಬದಲಿಸಿಕೊಳ್ಳುತ್ತದೆ, ಬೀಗ ಬದಲಾಯಿಸಿದರೆ ಹಳೇ ಕೀಲಿ ತಿರುಗುವುದಿಲ್ಲವಲ್ಲ, ಹಾಗೆ. ಸಿಪ್ರೋಫ್ಲಾಕ್ಸಾಸಿನ್ ಜಾತಿಗೆ ಆಗುತ್ತಿರುವುದು ಮುಖ್ಯವಾಗಿ ಇವೆರಡೇ. ಮತ್ತೊಂದು ವಿಷಯ ಇದೆ, ನನಗೆ ಅದರ ಬಗ್ಗೆಯೇ ಹೆಚ್ಚು ಆತಂಕ. ಈ ವಿದ್ಯೆಯನ್ನು ಬ್ಯಾಕ್ಟೀರಿಯಾಗಳು ಹಂಚಿಕೊಳ್ಳುತ್ತವೆ. ನಿಮ್ಮ ತೋಟದ ಒಳ್ಳೆಯ ಮೆಣಸಿನ ಬಳ್ಳಿಯ ಕುಡಿಯನ್ನು ಪಕ್ಕದ ತೋಟಕ್ಕೆ ಕೊಡುವುದಿಲ್ಲವೇ, ಹಾಗೆಯೇ ಒಂದು ಜಾತಿ ಇನ್ನೊಂದು ಜಾತಿಗೆ ಆ ಜೀನಿನ ತುಂಡನ್ನು ದಾಟಿಸುತ್ತದೆ.

ಕಡಿಮೆ ಔಷಧಿ ಹಾಕಿದಾಗ ಏನಾಗುತ್ತದೆ? ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತದೆ, ಬಗ್ಗದ್ದು ಉಳಿಯುತ್ತದೆ. ಜಾಗ ಖಾಲಿಯಾಯಿತಲ್ಲ, ಅಲ್ಲಿ ತುಂಬಿಕೊಳ್ಳುವುದು ಉಳಿದದ್ದರ ಮಕ್ಕಳು. ನಿಮಗೆ ಇದು ಹೊಸದಲ್ಲ. ಆಲೂಗಡ್ಡೆಯ ಅಂಗಮಾರಿಗೆ ಒಂದೇ ಔಷಧಿಯನ್ನು ವರ್ಷ ವರ್ಷ ಹೊಡೆದರೆ ಏನಾಗುತ್ತದೆ ಎಂದು ಹಾಸನದ ಕಡೆ ರೈತರನ್ನು ಕೇಳಿ.

ಫ್ಲೆಮಿಂಗ್ ಮಾತಿಗೆ ಬರುತ್ತೇನೆ ಎಂದಿದ್ದೆ. 1945ರಲ್ಲಿ ನೊಬೆಲ್ ಬಹುಮಾನ ಬಂದಾಗ ಮಾಡಿದ ಭಾಷಣದಲ್ಲಿ ಅವರು ಒಂದು ಉದಾಹರಣೆ ಕೊಟ್ಟರು. ಒಬ್ಬನಿಗೆ ಗಂಟಲು ನೋವು. ಪೆನಿಸಿಲಿನ್ ತಾನೇ ಕೊಂಡು ಸ್ವಲ್ಪ ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯುವಷ್ಟಲ್ಲ, ಪೆನಿಸಿಲಿನ್ ಎದುರಿಸಲು ಕಲಿಯುವಷ್ಟು. ಅದು ಅವನ ಹೆಂಡತಿಗೆ ಅಂಟುತ್ತದೆ, ನ್ಯುಮೋನಿಯಾ ಆಗುತ್ತದೆ, ಪೆನಿಸಿಲಿನ್ ಕೊಟ್ಟರೂ ಅವಳು ಉಳಿಯುವುದಿಲ್ಲ. ಪೆನಿಸಿಲಿನ್ ಆಗಿನ್ನೂ ಜನರ ಕೈಗೆ ಬರುತ್ತಿದ್ದ ಕಾಲ. ಕಂಡುಹಿಡಿದವರೇ ಹೀಗೆ ಎಚ್ಚರಿಸಿದರು. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ನೇರವಾಗಿ ಸತ್ತವರು ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಎಂಬ ಅಂದಾಜು ಇದೆ.

ನಮ್ಮಲ್ಲಿ ಕೆಲವು ವೈದ್ಯರೇ ಒಂದು ಪ್ರಶ್ನೆ ಎತ್ತುತ್ತಾರೆ. ಕಣ್ಣಿಗೆ ನೇರವಾಗಿ ಹಾಕುವ ಹನಿ ತುಂಬಾ ಗಟ್ಟಿ ಇರುತ್ತದೆ. ಮಾಕ್ಸಿಫ್ಲಾಕ್ಸಾಸಿನ್ ಹನಿಯಲ್ಲಿ ಒಂದು ಮಿಲಿಲೀಟರಿಗೆ 5 ಮಿಲಿಗ್ರಾಂ ಔಷಧಿ. ಬ್ಯಾಕ್ಟೀರಿಯಾ ಸಾಯಲು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಿದ್ದರೆ ತಟ್ಟೆಯಲ್ಲಿ ಬಗ್ಗದ್ದು ಕಣ್ಣಿನಲ್ಲಿ ಬಗ್ಗಬಹುದಲ್ಲ ಎಂದು. ಒಳ್ಳೆಯ ಪ್ರಶ್ನೆ, ಕೆಲವೊಮ್ಮೆ ಹಾಗೆ ಆಗುವುದೂ ಉಂಟು. ಆದರೆ ಹನಿ ಕಣ್ಣಿನಲ್ಲಿ ನಿಲ್ಲುವುದಿಲ್ಲ. ಕೆಲವೇ ನಿಮಿಷದಲ್ಲಿ ಕಣ್ಣೀರು ಬಹುಪಾಲನ್ನು ತೊಳೆದು ಮೂಗಿಗೆ ಇಳಿಸುತ್ತದೆ. ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆ ಮುಖ್ಯ ಕೇಂದ್ರವಾಗಿದ್ದ ಒಂದು ಅಧ್ಯಯನ 2006ರಿಂದ 2010ರವರೆಗೆ ನಡೆಯಿತು. ಬ್ಯಾಕ್ಟೀರಿಯಾದ ಹುಣ್ಣು ಇದ್ದ 500 ಜನ ಅದರಲ್ಲಿದ್ದರು. ಆಸ್ಪತ್ರೆಗೆ ಬರುವ ಮೊದಲೇ ಈ ಜಾತಿಯ ಹನಿ ಹಾಕಿಕೊಂಡಿದ್ದವರ ಕಣ್ಣಿನ ಬ್ಯಾಕ್ಟೀರಿಯಾವನ್ನು ತಡೆಯಲು ಸುಮಾರು ಎರಡು ಪಟ್ಟು ಔಷಧಿ ಬೇಕಾಗಿತ್ತು. ಬಗ್ಗುವುದು ಕಡಿಮೆಯಾದಷ್ಟೂ ಉಳಿಯುವ ಕಲೆ ದೊಡ್ಡದು, ದೃಷ್ಟಿ ಕಡಿಮೆ. ನಮ್ಮ ಪಕ್ಕದ ರಾಜ್ಯದ, ನಮ್ಮಂಥದೇ ಹೊಲದಲ್ಲಿ ದುಡಿಯುವ ಜನರ ಕಣ್ಣಿನ ಲೆಕ್ಕ ಇದು.

ನಾವು ಡಾಕ್ಟರುಗಳೂ ತಪ್ಪು ಮಾಡಿ ಕಲಿತಿದ್ದೇವೆ. ಸಕ್ಕರೆ ಕಾಯಿಲೆಯವರಿಗೆ ಕಣ್ಣಿನ ಒಳಗೆ ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡುತ್ತೇವೆ. ಮೊದಲೆಲ್ಲ ಪ್ರತಿ ಸಲವೂ ಎಚ್ಚರಿಕೆಗೆ ಅಂತ ಕೆಲವು ದಿನ ಆಂಟಿಬಯಾಟಿಕ್ ಹನಿ ಬರೆಯುತ್ತಿದ್ದೆವು. ಆಮೇಲೆ ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದರೆ, ಹೀಗೆ ಪದೇ ಪದೇ ಹನಿ ಬಿದ್ದ ಕಣ್ಣಿನ ಮೇಲಿರುವ ಮಾಮೂಲಿ ಬ್ಯಾಕ್ಟೀರಿಯಾಗಳೇ ಔಷಧಿಗೆ ಬಗ್ಗದಂತಾಗಿದ್ದವು. ಇಂಜೆಕ್ಷನ್ನಿನ ಸೋಂಕು ಕಡಿಮೆಯಾಗಿರಲಿಲ್ಲ. ಈಗ ಆ ಪದ್ಧತಿ ಬಿಡುತ್ತಿದ್ದೇವೆ. ಇಂಜೆಕ್ಷನ್‌ಗೆ ಮೊದಲು ಪೊವಿಡೋನ್ ಅಯೋಡಿನ್ ಹಾಕಿ ತೊಳೆಯುತ್ತೇವೆ, ಅಷ್ಟೆ. ಗಾಯಕ್ಕೆ ಹಚ್ಚುವ ಆ ಕಂದು ಬಣ್ಣದ್ದೇ, ಕಣ್ಣಿಗೆಂದು ತೆಳುವಾಗಿ ಮಾಡಿದ್ದು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಹಾಗಾದರೆ ಆಂಟಿಬಯಾಟಿಕ್ ಮುಟ್ಟಲೇಬಾರದೇ? ಅಲ್ಲ. ಇದನ್ನು ನೀವು ತಪ್ಪು ತಿಳಿದರೆ ನಾನು ಇಲ್ಲಿಗೆ ಬಂದದ್ದೇ ದಂಡ. ನೇಪಾಳದ ಭಕ್ತಪುರದಲ್ಲಿ ಒಂದು ಕೆಲಸ ನಡೆಯಿತು, ಅದರ ವರದಿ 2001ರಲ್ಲಿ ಬಂತು. ಸುಮಾರು 35 ಸಾವಿರ ಜನರ ಹಳ್ಳಿಗಳು. ಊರಿನ ಸ್ವಯಂಸೇವಕರಿಗೆ ತರಬೇತಿ ಕೊಟ್ಟರು, ನಮ್ಮ ಆಶಾ ಕಾರ್ಯಕರ್ತೆಯರ ಥರ. ಯಾರಿಗಾದರೂ ಕಣ್ಣಿಗೆ ಪೆಟ್ಟಾದರೆ ಕೂಡಲೇ ಇವರ ಬಳಿ ಬರಬೇಕು. ಇವರು ಬಣ್ಣದ ಪಟ್ಟಿ ಮುಟ್ಟಿಸಿ, ನೀಲಿ ಟಾರ್ಚ್ ಹಾಕಿ ನೋಡುತ್ತಾರೆ. ಗೀರು ಇದ್ದರೆ ಹಸಿರಾಗಿ ಹೊಳೆಯುತ್ತದೆ. ಹುಣ್ಣು ಆಗಿರದೆ ಬರೀ ಗೀರು ಇದ್ದರೆ ಕ್ಲೋರಾಂಫೆನಿಕಾಲ್ ಮುಲಾಮು, ದಿನಕ್ಕೆ 3 ಸಲ, 3 ದಿನ. ಅಷ್ಟೇ. ಎರಡು ವರ್ಷದಲ್ಲಿ 442 ಜನರಿಗೆ ಹೀಗೆ ಕೊಟ್ಟರು. ಪೆಟ್ಟಾದ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣು ಆಗಲಿಲ್ಲ. ಹುಣ್ಣಾದ ಕೆಲವರೆಲ್ಲ ಅದಕ್ಕಿಂತ ತಡವಾಗಿ ಬಂದವರು.

ಒಬ್ಬರಿಗೂ ಇಲ್ಲ. ಈ ಮಾತು ಓದಿದಾಗೆಲ್ಲ ನನಗೆ ಆ ಅಕ್ಕ ಸೆರಗು ಊದಿಕೊಂಡು ನಿಂತದ್ದು ನೆನಪಾಗುತ್ತದೆ. ಅವರಿಗೆ ಬೇಕಾಗಿದ್ದದ್ದು ಇಷ್ಟೇ. ತಟ್ಟೆಯಲ್ಲಿ ಅಗಲವಾದ ವೃತ್ತ ಬಿಟ್ಟಿದ್ದು ಯಾವ ಔಷಧಿ? ಇದೇ ಕ್ಲೋರಾಂಫೆನಿಕಾಲ್. ಅವತ್ತು ಸಂಜೆಯೇ ಬಂದಿದ್ದರೆ ಕೆಲವೇ ರೂಪಾಯಿಯ ಮುಲಾಮಿನಲ್ಲಿ ಮುಗಿಯುತ್ತಿತ್ತು.

ಆದ್ದರಿಂದ ತೋಟದ ಮಾಲೀಕರಲ್ಲಿ, ಲೆಕ್ಕ ಬರೆಯುವ ರೈಟರುಗಳಲ್ಲಿ, ಮೇಸ್ತ್ರಿಗಳಲ್ಲಿ ಕೈ ಮುಗಿದು ಕೇಳುತ್ತೇನೆ. ಕಣ್ಣಿಗೆ ಕಡ್ಡಿ ತಾಗಿತು ಎಂದು ಯಾರಾದರೂ ಹೇಳಿದರೆ ಅವತ್ತೇ ಜೀಪಿನಲ್ಲಿ ಕಳಿಸಿ. ಆ ದಿನದ ಕೂಲಿ ಹಿಡಿಯಬೇಡಿ. ಕೂಲಿ ಹೋಗುತ್ತದೆ ಎಂಬ ಹೆದರಿಕೆಯಿಂದಲೇ ಜನ ಐದು ದಿನ ಕಾಯುತ್ತಾರೆ. ಕಳೆ ಹೊಡೆಯುವ ಮಿಷನ್ ಹಿಡಿಯುವವರಿಗೆ, ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಸವರಲು, ಮರ ಹತ್ತುವವರಿಗೆ, ಏಣಿ ಹಾಕಿ ಮೆಣಸು ಕುಯ್ಯುವವರಿಗೆ ಒಂದೊಂದು ಪ್ಲಾಸ್ಟಿಕ್ ಕನ್ನಡಕ ಕೊಡಿ. ಸುಣ್ಣವೋ ಮೈಲುತುತ್ತವೋ ಕಣ್ಣಿಗೆ ಹಾರಿದರೆ ಮಾತ್ರ ಕ್ರಮ ಬೇರೆ. ಜೀಪಿಗೆ ಕಾಯಬೇಡಿ. ಅಲ್ಲೇ ಇರುವ ಒಳ್ಳೆಯ ನೀರಿನಲ್ಲಿ ರೆಪ್ಪೆ ಅಗಲಿಸಿ ಅರ್ಧ ಗಂಟೆ ತೊಳೆದು ಆಮೇಲೆ ಹೊರಡಿ.

ಕಣ್ಣಿಗೆ ಬಿದ್ದ ಕಸವನ್ನು ನಾಲಿಗೆಯಲ್ಲಿ ತೆಗೆಯುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅವರ ಕೈಗುಣವನ್ನು ನಾನು ಹಳಿಯುವುದಿಲ್ಲ, ದುಡ್ಡಿಗಾಗಿ ಮಾಡುವವರೂ ಅವರಲ್ಲ. ಆದರೆ ಬಾಯಿ, ಗಂಟಲಿನಲ್ಲಿ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ವಾಸ ಮಾಡುತ್ತದೆ. ನ್ಯುಮೋನಿಯಾ ತರುವುದೂ ಅದೇ, ಕಣ್ಣಿನ ಹುಣ್ಣು ತರುವುದರಲ್ಲೂ ಅದು ಮುಂದು. ಗೀರು ಬಿದ್ದ ಗಾಜಿನ ಮೇಲೆ ನಾಲಿಗೆ ಆಡಿದರೆ ಅದಕ್ಕೆ ಬಾಗಿಲು ತೆಗೆದು ಕೊಟ್ಟ ಹಾಗೆ. ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ಯಾವುದೂ ಪೆಟ್ಟು ಬಿದ್ದ ಕಣ್ಣಿಗೆ ಬೇಡ.

ಹಸು ಸಾಕಿದವರು ಇಲ್ಲಿ ತುಂಬಾ ಜನ ಇದ್ದೀರಿ. ಕೆಚ್ಚಲು ಬಾವಿಗೆ ಮೊಲೆಯೊಳಗೆ ಟ್ಯೂಬ್ ಏರಿಸುತ್ತೀರಲ್ಲ, ಅದೂ ಆಂಟಿಬಯಾಟಿಕ್. ಡಾಕ್ಟರು ಹೇಳಿದಷ್ಟು ದಿನ ಏರಿಸಿ, ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೂ ಹಾಕಬೇಡಿ, ಕರುವಿಗೂ ಕುಡಿಸಬೇಡಿ. ಕೊಲಿಸ್ಟಿನ್ ಎಂಬ ಔಷಧಿ ಮನುಷ್ಯರಿಗೆ ಕೊನೆಯ ಅಸ್ತ್ರದ ಹಾಗೆ ಉಳಿದಿದೆ. ಅದನ್ನು ಕೋಳಿ, ಜಾನುವಾರುಗಳಿಗೆ ಕೊಡುವುದನ್ನು ನಮ್ಮ ಸರ್ಕಾರ 2019ರಲ್ಲಿ ನಿಷೇಧಿಸಿತು. ಕೊಟ್ಟಿಗೆಯ ಬ್ಯಾಕ್ಟೀರಿಯಾ ಬೇರೆ, ಅಡುಗೆಮನೆಯ ಬ್ಯಾಕ್ಟೀರಿಯಾ ಬೇರೆ ಎಂದು ಇಲ್ಲ.

ಮೆಡಿಕಲ್ ಶಾಪಿನವರಿಗೆ ಒಂದು ಮಾತು. ಆಂಟಿಬಯಾಟಿಕ್ ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆ ಎಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಎಂದು, ಅದನ್ನು ನಿಮಗೆ ನಾನು ಹೇಳಬೇಕಿಲ್ಲ. ಚೀಟಿ ಇಲ್ಲದೆ ಬಂದವರನ್ನು ವಾಪಸ್ ಕಳಿಸುವುದು ಎಷ್ಟು ಕಷ್ಟ, ಪಕ್ಕದ ಅಂಗಡಿಯವರು ಕೊಟ್ಟೇ ಕೊಡುತ್ತಾರೆ ಎಂಬುದೂ ನನಗೆ ಗೊತ್ತು. ಇದೊಂದನ್ನಾದರೂ ಮಾಡಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದು ಲೇಬಲ್ಲಿನಲ್ಲಿ ಇರುವ ಕಣ್ಣಿನ ಹನಿಯನ್ನು ಚೀಟಿ ಇಲ್ಲದೆ ಯಾರಿಗೂ ಕೊಡಬೇಡಿ. ಇವು ಸ್ಟೀರಾಯ್ಡ್. ಹುಣ್ಣಿದ್ದ ಕಣ್ಣಿಗೆ ಬಿದ್ದರೆ, ಅದರಲ್ಲೂ ಶಿಲೀಂಧ್ರದ ಹುಣ್ಣಾಗಿದ್ದರೆ, ಕಣ್ಣೇ ಹೋಗಬಹುದು. ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಅಂದರೆ ದೃಷ್ಟಿಯ ನರ ಹಾಳಾಗುವ ಕಾಯಿಲೆ, ಬರಬಹುದು.

ಇನ್ನು ಹನಿ ಹಾಕುವುದು. ಕೈ ತೊಳೆಯಿರಿ. ಕೆಳ ರೆಪ್ಪೆಯನ್ನು ಎಳೆದರೆ ಸಣ್ಣ ಜೇಬಿನ ಹಾಗೆ ಆಗುತ್ತದೆ, ಅದರೊಳಗೆ ಒಂದೇ ಒಂದು ಹನಿ. ಕಣ್ಣಿನಲ್ಲಿ ಒಂದು ಹನಿ ಹಿಡಿಯುವಷ್ಟೂ ಜಾಗ ಇಲ್ಲ, ಎರಡನೆಯದು ಕೆನ್ನೆಗೆ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಒಂದೆರಡು ನಿಮಿಷ ಒತ್ತಿ. ಎರಡು ಬಾಟಲಿ ಕೊಟ್ಟಿದ್ದರೆ ನಡುವೆ ಐದು ನಿಮಿಷ ಬಿಡಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಬಾಟಲಿಯೇ ಹೇಗೆ ಸೋಂಕು ಹರಡಬಲ್ಲದು ಎಂಬುದಕ್ಕೆ ಅಮೆರಿಕದಲ್ಲಿ 2023ರಲ್ಲಿ ಸುದ್ದಿಯಾದ ಒಂದು ಘಟನೆ ಇದೆ. ಭಾರತದಲ್ಲಿ ತಯಾರಾದ ಕೃತಕ ಕಣ್ಣೀರಿನ ಹನಿಗಳ ಜೊತೆ ತಳುಕು ಹಾಕಿಕೊಂಡ ಸೂಡೋಮೊನಾಸ್ ಸೋಂಕು 18 ರಾಜ್ಯಗಳಲ್ಲಿ 81 ಜನರಿಗೆ ತಗುಲಿತು. ಹೆಚ್ಚುಕಡಿಮೆ ಯಾವ ಔಷಧಿಗೂ ಬಗ್ಗದ ತಳಿ ಅದು. 14 ಜನ ದೃಷ್ಟಿ ಕಳೆದುಕೊಂಡರು, 4 ಜನರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, 4 ಜನ ತೀರಿಕೊಂಡರು. ಬಾಟಲಿ ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಅದರ ಮೇಲೆ ಬರೆಯಿರಿ. ತಿಂಗಳು ಕಳೆದ ಮೇಲೆ ಅದು ನಿಮ್ಮದೂ ಅಲ್ಲ, ಪಕ್ಕದ ಮನೆಯವರದೂ ಅಲ್ಲ.

ನೋವಿರುವ ಕಣ್ಣು ಹಿಡಿದುಕೊಂಡು ಬರುವಾಗ, ಅದುವರೆಗೆ ಏನೇನು ಹಾಕಿದ್ದೀರೋ ಎಲ್ಲ ತೆಗೆದುಕೊಂಡು ಬನ್ನಿ. ಖಾಲಿ ಬಾಟಲಿಯೂ ಸರಿ, ಲೇಬಲ್ ಹರಿದದ್ದೂ ಸರಿ, ಯಾರದೋ ಅತ್ತೆಯದಾದರೂ ಸರಿ. ನಾನು ಬೈಯುವುದಿಲ್ಲ. ಆಂಟಿಬಯಾಟಿಕ್ ಬಿದ್ದ ಕಣ್ಣಿನಿಂದ ಕೆರೆದದ್ದು ಎಷ್ಟೋ ಸಲ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಆಗ ನನಗೆ ದಾರಿ ತೋರಿಸಲು ಉಳಿಯುವುದು ನಿಮ್ಮ ಕೈಯಲ್ಲಿರುವ ಆ ಬಾಟಲಿ ಒಂದೇ.